ಕಲ್ಲಿದ್ದಲು ಸಾಗಾಟದ ಲೆಕ್ಕ: ಟನ್ನಿಗೆಷ್ಟು ಎಂದಲ್ಲ, ಶಾಖಕ್ಕೆಷ್ಟು ಎಂದು ಕೇಳಿ

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಹಾಗಾಗಿ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 210 ಮೆಗಾವಾಟ್‌ನ ಏಳು ಘಟಕಗಳಿವೆ, 250ರದು ಒಂದು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ಕಲ್ಲಿದ್ದಲು ಎಂದು ಹಿಡಿಯಿರಿ. 210 ಮೆಗಾವಾಟ್‌ನ ಘಟಕ ಇಡೀ ದಿನ ಪೂರ್ಣ ಹೊರೆಯಲ್ಲಿ ಓಡಿದರೆ 50.4 ಲಕ್ಷ ಯೂನಿಟ್ ಬರುತ್ತದೆ, 3,528 ಟನ್ ಉರಿಯುತ್ತದೆ. 58 ವ್ಯಾಗನ್‌ಗಳ ಒಂದು ರೇಕ್ (ಇಡೀ ಸರಕು ರೈಲು) ತರುವುದು ಸುಮಾರು 3,800 ಟನ್. ಘಟಕವೊಂದಕ್ಕೆ ದಿನಕ್ಕೊಂದು ರೇಕ್ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ, ಪರೀಕ್ಷೆಯಲ್ಲೂ ಕೆಲಸದಲ್ಲೂ ಒದಗುತ್ತದೆ.

ಹೆಚ್ಚಿನವರು ಎಡವುವುದು ಬೆಲೆ ಹೋಲಿಸುವಾಗ. ಲೆಕ್ಕಕ್ಕೆಂದು ಎರಡು ಬಗೆಯ ಕಲ್ಲಿದ್ದಲು ತೆಗೆದುಕೊಳ್ಳೋಣ (ದರಗಳು ಕಲ್ಪಿತ). ಮೊದಲನೆಯದು ದೂರದ ಗಣಿಯದು: ಗಣಿಯಲ್ಲಿ ಟನ್ನಿಗೆ ₹1,200, ರೈಲು ಬಾಡಿಗೆ ₹1,800, ಉರಿದಾಗ ಬರುವ ಶಾಖ ಕೆ.ಜಿ.ಗೆ 3,400 ಕಿಲೋಕ್ಯಾಲೊರಿ. ಎರಡನೆಯದು ಹತ್ತಿರದ್ದು: ₹2,600, ಬಾಡಿಗೆ ₹900, ಕೆ.ಜಿ.ಗೆ 4,000 ಕಿಲೋಕ್ಯಾಲೊರಿ. ಟನ್ ಲೆಕ್ಕದಲ್ಲಿ ಮೊದಲನೆಯದು ₹500 ಅಗ್ಗ. ಹತ್ತು ಲಕ್ಷ ಕಿಲೋಕ್ಯಾಲೊರಿಗೆ ಎಷ್ಟು ಬಿತ್ತು ನೋಡಿ: ಮೊದಲನೆಯದಕ್ಕೆ ₹882, ಎರಡನೆಯದಕ್ಕೆ ₹875. ಬಾಯ್ಲರ್‌ಗೆ ಬೇಕಾದದ್ದು ಶಾಖ, ತೂಕವಲ್ಲ.

ತೂಕದಲ್ಲಿ ಬೂದಿಯ ಪಾಲೂ ಇದೆ. ಶೇ 40 ಬೂದಿಯ ಕಲ್ಲಿದ್ದಲಾದರೆ 3,800 ಟನ್ನಿನ ರೇಕ್‌ನಲ್ಲಿ 1,520 ಟನ್ ಬೂದಿಯೇ. ಮೇಲಿನ ಮೊದಲ ಕಲ್ಲಿದ್ದಲಿನ ಬಾಡಿಗೆ, ಟನ್ನಿಗೆ ₹1,800, ಹಿಡಿದರೆ ₹27.36 ಲಕ್ಷ ಬೂದಿ ಹೊರುವುದಕ್ಕೇ ಹೋಯಿತು. 500 ಕಿ.ಮೀ.ಗಿಂತ ದೂರದ ಸ್ಥಾವರಗಳಿಗೆ ಬೂದಿ ಶೇ 34 ಮೀರಬಾರದೆಂದು 2014ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. 2020ರಲ್ಲಿ ಆ ಮಿತಿ ತೆಗೆಯಲಾಯಿತು. ದೂರ ಹೆಚ್ಚಿದ್ದಷ್ಟೂ ಬೂದಿ ತಗ್ಗಿಸಲು ಕಲ್ಲಿದ್ದಲು ತೊಳೆಯುವ ಖರ್ಚು ಗಿಟ್ಟುತ್ತದೆ ಎಂಬ ತರ್ಕವಂತೂ ನಿಯಮವಿರಲಿ ಬಿಡಲಿ ಉಳಿದೇ ಇದೆ.

ತುಂಬುವ ಹಂತವನ್ನು ಹಗುರವಾಗಿ ಕಾಣಬೇಡಿ. ವ್ಯಾಗನ್ನಿನ ಅನುಮತಿತ ತೂಕಕ್ಕಿಂತ ಕಡಿಮೆ ತುಂಬಿದರೂ ಪೂರ್ಣ ತೂಕಕ್ಕೇ ಬಾಡಿಗೆ, ಹೆಚ್ಚಾದರೆ ದಂಡ. ಲೋಡರ್ ಯಂತ್ರದಿಂದ ಅಂದಾಜಿನ ಮೇಲೆ ಸುರಿದಾಗ ಒಂದೇ ರೇಕ್‌ನಲ್ಲಿ ಎರಡೂ ನಷ್ಟ ಒಟ್ಟಿಗೆ ಬರಬಹುದು. ತೂಗಿ ಸುರಿಯುವ ಸೈಲೊ (ಎತ್ತರದ ಕಣಜ) ಇದ್ದರೆ ಈ ತೊಂದರೆ ಬಹುತೇಕ ತಪ್ಪುತ್ತದೆ.

ಮಳೆಗಾಲದಲ್ಲಿ ಪೆಟ್ಟು ಬೀಳುವುದು ಇಳಿಸುವ ಕಡೆ. ಒದ್ದೆ ಪುಡಿ ವ್ಯಾಗನ್ ತಳಕ್ಕೆ ಅಂಟುತ್ತದೆ, ವ್ಯಾಗನ್ ಮಗುಚಿ ಖಾಲಿ ಮಾಡುವ ಟಿಪ್ಲರ್ ಯಂತ್ರದ ಕೆಳಗಿನ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ಇಳಿಸಲು ರೈಲ್ವೆ ಕೊಡುವ ಉಚಿತ ಅವಧಿ ಮೀರಿದರೆ ವ್ಯಾಗನ್ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ ಡೆಮರೇಜ್ (ತಡಕ್ಕೆ ತೆರಬೇಕಾದ ಶುಲ್ಕ) ಏರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬಿಲ್ಲಿನಲ್ಲಿ ಕಾಣದು: ಖಾಲಿ ರೇಕ್ ಗಣಿಗೆ ತಡವಾಗಿ ಮರಳುತ್ತದೆ, ಅಷ್ಟೇ ವ್ಯಾಗನ್‌ಗಳು ತಿಂಗಳಿಗೆ ಮಾಡುವ ಸುತ್ತು ಕಡಿಮೆಯಾಗುತ್ತದೆ, ಇತ್ತ ಸ್ಥಾವರದ ಅಂಗಳದಲ್ಲಿ ದಾಸ್ತಾನು ಕರಗುತ್ತದೆ.