ಕ್ಲೌಡ್‌ನಿಂದ ಸ್ವಂತ ಸರ್ವರ್‌ಗೆ: ಬಿಲ್ಲಿನಲ್ಲಿ ಕಾಣದ ಕಸುಬು

ಬೇರೆ ಕಂಪನಿಯ ಯಂತ್ರಗಳನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಬಳಸುವ ಕ್ಲೌಡ್ ಬಿಟ್ಟು ಸ್ವಂತ ಸರ್ವರ್‌ಗಳಿಗೆ ಮರಳುವ ಯೋಚನೆಯಲ್ಲಿರುವವರು ಸಲಹೆ ಕೇಳಲು ಬಂದಾಗ ಮೊದಲು ಮುಂದಿಡುವುದು ತಿಂಗಳ ಬಿಲ್ಲನ್ನು. ಅದರಲ್ಲಿ ತಪ್ಪೇನೂ ಇಲ್ಲ. ಜನರ ಕಡತಗಳನ್ನು ಕಾಪಿಡುವ ಡ್ರಾಪ್‌ಬಾಕ್ಸ್ ಕಂಪನಿ ತನ್ನ ಬಳಕೆದಾರರ ಬಹುಪಾಲು ಕಡತಗಳನ್ನು ಅಮೆಜಾನ್‌ನ ಕ್ಲೌಡ್‌ನಿಂದ ಸ್ವಂತ ವ್ಯವಸ್ಥೆಗೆ ಸಾಗಿಸಿ, ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿದ್ದನ್ನು 2018ರಲ್ಲಿ ಷೇರು ಬಿಡುಗಡೆಗೆ ಸಲ್ಲಿಸಿದ ದಾಖಲೆಯಲ್ಲಿ ತೋರಿಸಿತ್ತು. 37ಸಿಗ್ನಲ್ಸ್ ಎಂಬ ತಂತ್ರಾಂಶ ಸಂಸ್ಥೆ 2022ರಲ್ಲಿ ಕ್ಲೌಡ್‌ಗೆ ತೆತ್ತದ್ದು ಸುಮಾರು 32 ಲಕ್ಷ ಡಾಲರ್. ಮರುವರ್ಷ ಸುಮಾರು 7 ಲಕ್ಷ ಡಾಲರ್ ಬೆಲೆಯ ಸರ್ವರ್‌ಗಳನ್ನು ಕೊಂಡು ತನ್ನ ತಂತ್ರಾಂಶಗಳನ್ನು ಅವುಗಳಿಗೆ ವರ್ಗಾಯಿಸಿತು. ಆದರೆ ಈ ಎರಡೂ ಕಡೆ ಸ್ವಂತ ಯಂತ್ರಗಳನ್ನು ನಡೆಸಿ ಪಳಗಿದ ಕೈಗಳು ಮೊದಲೇ ಇದ್ದವು. ಲೆಕ್ಕ ಹಾಕುವಾಗ ನಮ್ಮವರು ಮರೆಯುವುದು ಇದನ್ನೇ.

ಬೆಂಗಳೂರಿನಲ್ಲಿ ನಾನು ಜೊತೆಗೆ ಕೆಲಸ ಮಾಡುವ ಡೇಟಾ ಎಂಜಿನಿಯರ್‌ಗಳಲ್ಲಿ ಅನೇಕರು ಒಮ್ಮೆಯೂ ಸರ್ವರ್‌ನ ಡಿಸ್ಕ್ ಬದಲಿಸಿದವರಲ್ಲ. ಜಾಣ್ಮೆಯಲ್ಲಿ ಅವರಿಗೆ ಕೊರತೆಯಿಲ್ಲ. ಅವರು ಕೆಲಸಕ್ಕೆ ಸೇರುವ ಹೊತ್ತಿಗೆ ಆ ಹೊರೆಯನ್ನು ಬೇರೆಯವರು ಹೊತ್ತಾಗಿತ್ತು, ಅಷ್ಟೆ.

ಕ್ಲೌಡ್ ಕಂಪನಿಯೇ ನಡೆಸುವ ಸೇವೆಯಲ್ಲಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸೊಂದನ್ನು ನಾವು ಹೊರತಂದ ರಾತ್ರಿಯನ್ನು ಇಲ್ಲಿ ನೆನೆಯಬೇಕು. ಅಂಥ ಸೇವೆಯಲ್ಲಿ ಒಳಗಿನ ಡಿಸ್ಕನ್ನು ಮುಟ್ಟಲು ಅವಕಾಶವಿರುವುದಿಲ್ಲವಾದ್ದರಿಂದ, ಕೋಷ್ಟಕಗಳ ಸಾಲುಗಳಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಹೊಸ ಸರ್ವರ್‌ಗೆ ಹರಿಸುವ ಲಾಜಿಕಲ್ ರೆಪ್ಲಿಕೇಶನ್‌ನ ಮೊರೆಹೋದೆವು. ಎರಡೂ ಕಡೆ ಸಾಲುಗಳ ಎಣಿಕೆ ತಾಳೆಯಾಯಿತು. ಸಂಪರ್ಕವನ್ನು ಹೊಸ ಸರ್ವರ್‌ಗೆ ತಿರುಗಿಸಿದ ಕೂಡಲೇ, ಹೊಸ ದಾಖಲೆ ಸೇರಿಸುವ ಪ್ರತಿ ಪ್ರಯತ್ನವೂ ‘ಈ ಕ್ರಮಸಂಖ್ಯೆ ಈಗಾಗಲೇ ಇದೆ’ ಎಂಬ ದೋಷ ತೋರಿಸಿ ಬೀಳತೊಡಗಿತು. ನಾವು ಬಳಸುತ್ತಿದ್ದ ಆವೃತ್ತಿಯಲ್ಲಿ ಲಾಜಿಕಲ್ ರೆಪ್ಲಿಕೇಶನ್ ಸಾಲುಗಳನ್ನು ಒಯ್ಯುತ್ತದೆಯೇ ಹೊರತು, ಮುಂದಿನ ಕ್ರಮಸಂಖ್ಯೆ ಯಾವುದೆಂದು ನೆನಪಿಡುವ ಸೀಕ್ವೆನ್ಸ್‌ನ ಮೌಲ್ಯವನ್ನಲ್ಲ. ಲಕ್ಷಾಂತರ ದಾಖಲೆಗಳಿದ್ದ ಕೋಷ್ಟಕಕ್ಕೆ ಅದು ಮತ್ತೆ ಒಂದರಿಂದ ಎಣಿಸಲು ಹೊರಟಿತ್ತು. ಪ್ರತಿ ಸೀಕ್ವೆನ್ಸನ್ನೂ ಕೋಷ್ಟಕದ ಅತಿ ದೊಡ್ಡ ಸಂಖ್ಯೆಗೆ ಏರಿಸಿದ ಮೇಲೆ ವ್ಯವಸ್ಥೆ ನಡೆಯಿತು. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದ ಸಂಗತಿಯದು. ಓದದೆ ಹೋದವರು ನಾವು, ಮತ್ತು ಆ ತಪ್ಪು ನನ್ನದೂ ಹೌದು.

ಡಿಸ್ಕಿನ ವಿಷಯವೂ ಹೀಗೆಯೇ. 20 ಟೆರಾಬೈಟಿನ ಡಿಸ್ಕೊಂದು ಕೆಟ್ಟರೆ, ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ನಿರಂತರವಾಗಿ ಬರೆದರೂ ಬದಲಿ ಡಿಸ್ಕ್ ತುಂಬಲು ಸುಮಾರು 28 ಗಂಟೆ ಬೇಕು. ಆ ಹೊತ್ತಿನಲ್ಲಿ ಉಳಿದ ಡಿಸ್ಕುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಎಲ್ಲವೂ ಒಂದೇ ದಿನ ಕೊಂಡವಾಗಿದ್ದರೆ ಎರಡನೆಯದೂ ಕೈಕೊಡುವ ಸಂಭವವಿದೆ. ಆದ್ದರಿಂದ ಎರಡು ಡಿಸ್ಕ್ ಕೆಟ್ಟರೂ ತಾಳಿಕೊಳ್ಳುವ ರೇಡ್ 6ರಂಥ ಜೋಡಣೆ (ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ವಿಧಾನವೇ ರೇಡ್), ಬದಲಿ ಡಿಸ್ಕುಗಳ ದಾಸ್ತಾನು, ಕೆಡುವ ಮುನ್ನವೇ ಎಚ್ಚರಿಸುವ ನಿಗಾ ವ್ಯವಸ್ಥೆ ಇವೆಲ್ಲ ಬೇಕು. ರೇಡ್ ಇದೆಯೆಂದು ಬ್ಯಾಕಪ್ ಕೈಬಿಡುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ, ಏಕೆಂದರೆ ತಪ್ಪಾಗಿ ಅಳಿಸಿದ ಕೋಷ್ಟಕವನ್ನು ರೇಡ್ ಎಲ್ಲ ಡಿಸ್ಕುಗಳಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ದತ್ತಾಂಶದ ಸಾಗಾಟಕ್ಕೆ ಬೇಕಾದದ್ದು ಮುಖ್ಯವಾಗಿ ಗಣಿತ: 100 ಟೆರಾಬೈಟ್ ಒಂದು ಗಿಗಾಬಿಟ್ ಸಂಪರ್ಕದಲ್ಲಿ ಎಡೆಬಿಡದೆ ಹರಿದರೂ ಒಂಬತ್ತು ದಿನ ದಾಟುತ್ತದೆ. ಪೂರ್ತಿ ಹೊರಹೋಗುವವರಿಗೆ ಗೂಗಲ್ ಮತ್ತು ಅಮೆಜಾನ್ 2024ರಿಂದ ಸಾಗಾಟ ಶುಲ್ಕ ಬಿಡುತ್ತಿರುವುದರಿಂದ, ಮೊದಲೇ ಅರ್ಜಿ ಹಾಕಿ ಷರತ್ತು ಓದಿಕೊಳ್ಳುವುದು ಒಳ್ಳೆಯದು. ವಿದ್ಯುತ್ತು, ತಂಪು, ನೆಟ್‌ವರ್ಕ್ ಕೆಲಸಗಳಿಗೆ ಬಾಡಿಗೆ ಡೇಟಾ ಸೆಂಟರ್‌ನಲ್ಲಿ ನುರಿತವರು ಸಿಗುತ್ತಾರೆ.

ಬಾಡಿಗೆಗೆ ತರಲಾಗದ ಕೌಶಲ ಒಂದಿದೆ. ಅದು ಬ್ಯಾಕಪ್‌ನಿಂದ ಡೇಟಾಬೇಸನ್ನು ಮರಳಿ ಕಟ್ಟುವುದು. ಕ್ಲೌಡ್‌ನಲ್ಲಿ ನಿನ್ನೆ ಮಧ್ಯಾಹ್ನದ ಸ್ಥಿತಿಗೆ ಮರಳಲು ದಿನಾಂಕ ಮತ್ತು ಸಮಯ ತುಂಬಿದರೆ ಸಾಕಿತ್ತು. ಅದನ್ನೇ ಸ್ವಂತ ಯಂತ್ರದಲ್ಲಿ ಮಾಡಲು ಮೂಲ ಬ್ಯಾಕಪ್ ಎಲ್ಲಿದೆ, ನಂತರದ ಬದಲಾವಣೆಗಳ ಲಾಗ್ ಕಡತಗಳು ಒಂದೂ ತಪ್ಪದೆ ಸಂಗ್ರಹವಾಗಿವೆಯೇ, ಬ್ಯಾಕಪ್‌ನ ಗೂಢಲಿಪಿ ಬಿಡಿಸುವ ಕೀಲಿ ಯಾರ ಬಳಿಯಿದೆ ಎಂಬುದೆಲ್ಲ ಗೊತ್ತಿರಬೇಕು. ಹಾಗಾಗಿ ಯಂತ್ರ ಕೊಳ್ಳುವ ಆದೇಶಕ್ಕೆ ಸಹಿ ಬೀಳುವ ಮೊದಲು ನಾನು ಒಂದು ಪರೀಕ್ಷೆ ಇಡುತ್ತೇನೆ. ತಂಡದ ಅತಿ ಅನುಭವಿಯನ್ನು ಬಿಟ್ಟು ಬೇರೊಬ್ಬರು, ಖಾಲಿ ಯಂತ್ರವೊಂದರ ಮೇಲೆ, ತಂಡವೇ ಬರೆದಿಟ್ಟ ಟಿಪ್ಪಣಿಯನ್ನಷ್ಟೇ ನೋಡಿಕೊಂಡು, ಹಿಂದಿನ ರಾತ್ರಿಯ ಬ್ಯಾಕಪ್ ಎತ್ತಿ ನಿಲ್ಲಿಸಬೇಕು. ಈಚೆಗೆ ಒಂದು ತಂಡ ಇದಕ್ಕೆ ನಾಲ್ಕು ಗಂಟೆ ಸಾಕೆಂದಿತ್ತು. ಹನ್ನೊಂದು ಗಂಟೆ ಹಿಡಿಯಿತು, ಅದರಲ್ಲಿ ಮೂರು ಗಂಟೆ ಕೀಲಿ ಹುಡುಕುವುದಕ್ಕೇ ಹೋಯಿತು. ಅವರು ಖರೀದಿಯನ್ನು ಒಂದು ತಿಂಗಳು ಮುಂದೂಡಿ, ಟಿಪ್ಪಣಿಯನ್ನು ತಿದ್ದಲು ಕುಳಿತರು.