ಅರಿವಳಿಕೆ ಚಾರ್ಟ್ ಎಂಬ ಮರೆತುಹೋಗುವ ಹಾಳೆ

ಅಪರೂಪದ ಆನುವಂಶಿಕ ಕಾಯಿಲೆ ಇರುವ ಮಗುವಿನ ಫೈಲು ದಪ್ಪಗೇ ಇರುತ್ತದೆ. ಆದರೆ ಅರಿವಳಿಕೆ ತಜ್ಞರು ಹುಡುಕುವ ಹಾಳೆ ಅದರಲ್ಲಿ ಸಿಗುವುದು ಕಡಿಮೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಜನರಲ್ ಅನಸ್ತೇಶಿಯಾ ಕೊಡಲಾಯಿತು’ ಎಂದಷ್ಟೇ ಇದ್ದರೆ ಉಪಯೋಗವಿಲ್ಲ. ಬೇಕಾದದ್ದು ಆಪರೇಷನ್ ಹೊತ್ತಿನ ಅರಿವಳಿಕೆ ಚಾರ್ಟ್: ಯಾವ ಔಷಧ ಎಷ್ಟು ಕೊಟ್ಟರು, ಮಾಸ್ಕ್‌ನಲ್ಲಿ ಗಾಳಿ ಸಲೀಸಾಗಿ ಹೋಯಿತೇ, ಯಾವ ಅಳತೆಯ ಉಸಿರಾಟದ ಟ್ಯೂಬ್ ಎಷ್ಟನೇ ಪ್ರಯತ್ನಕ್ಕೆ ಕೂತಿತು, ಎಚ್ಚರವಾಗಲು ಎಷ್ಟು ಹೊತ್ತಾಯಿತು. ಮನೆಗೆ ಹೊರಡುವ ಮುಂಚೆಯೇ ಇದರ ನಕಲು ಕೇಳಿ ಪಡೆಯಿರಿ.

ಚಾರ್ಟಿನ ತಾರೀಖನ್ನೂ ನೋಡಬೇಕು. ಮ್ಯೂಕೋಪಾಲಿಸ್ಯಾಕರಿಡೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ನಾಲಿಗೆ, ಗಂಟಲು, ಶ್ವಾಸನಾಳದ ಗೋಡೆಗಳಲ್ಲಿ ಸಕ್ಕರೆಯಂಥ ದೊಡ್ಡ ಅಣುಗಳು ಶೇಖರವಾಗುತ್ತಾ ಹೋಗುತ್ತವೆ. ಮೂರು ವರ್ಷದಲ್ಲಿ ಸುಲಭವಾಗಿ ಕೂತ ಟ್ಯೂಬ್ ಎಂಟು ವರ್ಷದಲ್ಲಿ ಕೂರದಿರಬಹುದು.

‘ಹೋದ ಸಲ ಏನೂ ಆಗಲಿಲ್ಲ’ ಎಂಬ ಧೈರ್ಯ ಇನ್ನೂ ಅಪಾಯದ್ದು ಮಲಿಗ್ನೆಂಟ್ ಹೈಪರ್‌ಥರ್ಮಿಯಾದಲ್ಲಿ, ಅಂದರೆ ಕೆಲವು ಅರಿವಳಿಕೆ ಔಷಧಗಳಿಗೆ ಮೈ ವಿಪರೀತ ಬಿಸಿಯೇರುವ ಕಾಯಿಲೆಯಲ್ಲಿ. ಹೆಚ್ಚಾಗಿ ಆರ್‌ವೈಆರ್‌1 ಜೀನಿನ ದೋಷದಿಂದ ಬರುವ ಇದು ಹಲವು ಆಪರೇಷನ್‌ಗಳಲ್ಲಿ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಹಾಗಾಗಿ ರಕ್ತಸಂಬಂಧಿ ಯಾರಾದರೂ ಟೇಬಲ್ ಮೇಲೇ ವಿಪರೀತ ಜ್ವರ ಬಂದು ತೀರಿಕೊಂಡಿದ್ದರೆ, ಯಾರೂ ಕೇಳದಿದ್ದರೂ ಹೇಳಿ. ಅಂಥವರಿಗೆ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಡುವುದಿಲ್ಲ, ಸೆವೋಫ್ಲುರೇನ್‌ನಂಥ ಅರಿವಳಿಕೆ ಅನಿಲಗಳನ್ನೂ ಕೊಡುವುದಿಲ್ಲ. ಪ್ರೊಪೊಫಾಲ್ ಎಂಬ ನಿದ್ರೆ ಔಷಧದ ಡ್ರಿಪ್‌ನಲ್ಲಿ ಮಲಗಿಸುತ್ತಾರೆ. ಮಷಿನ್‌ನಲ್ಲಿ ಉಳಿದ ಅನಿಲವನ್ನೂ ಹೊರದಬ್ಬಿರಬೇಕು.

ಇದು ಶುರುವಾದರೆ ಕೊಡುವ ಔಷಧ ಡ್ಯಾಂಟ್ರೊಲೀನ್ ಸ್ಟಾಕ್ ಇದೆಯೇ ಎಂದು ಆಪರೇಷನ್‌ಗೆ ಕೆಲವು ದಿನ ಮೊದಲೇ ಕೇಳಿ. ಮೊದಲ ಡೋಸ್ ಕಿಲೋಗೆ 2.5 ಮಿ.ಗ್ರಾಂ. ಹಳೆಯ ಮಾದರಿಯ ವಯಲ್‌ನಲ್ಲಿ (ಔಷಧದ ಪುಟ್ಟ ಸೀಸೆ) 20 ಮಿ.ಗ್ರಾಂ ಇರುತ್ತದೆ, ಅದನ್ನು 60 ಮಿ.ಲೀ. ಸ್ಟೆರೈಲ್ ನೀರಿನಲ್ಲಿ ಕುಲುಕಿ ಕರಗಿಸಬೇಕು. 60 ಕಿಲೋ ತೂಕದವರಿಗೆ ಆ ಒಂದು ಡೋಸ್‌ಗೇ ಎಂಟು ವಯಲ್. ಬೇಗ ಕರಗುವುದೂ ಇಲ್ಲ. ಅದಕ್ಕೆಂದೇ ಒಂದಿಬ್ಬರು ನಿಲ್ಲಬೇಕಾಗುತ್ತದೆ. ಒಂದೆರಡು ವಯಲ್ ಇದೆ ಎಂಬ ಉತ್ತರ ಸಾಲದು.

ಕೊಬ್ಬಿನಿಂದ ಶಕ್ತಿ ತೆಗೆಯಲಾಗದ ಮೆಟಬಾಲಿಕ್ ಕಾಯಿಲೆಗಳಲ್ಲಿ ಔಷಧಕ್ಕಿಂತ ಮುಂಚೆ ಉಪವಾಸವೇ ಕೈಕೊಡುತ್ತದೆ. ರಕ್ತದ ಸಕ್ಕರೆ ಇಳಿದು ಮಗು ಮಂಕಾಗುತ್ತದೆ. ಲಿಸ್ಟಿನಲ್ಲಿ ಮೊದಲ ಕೇಸ್ ಆಗಿರಲಿ, ಉಪವಾಸದ ಹೊತ್ತಿಗೇ ಗ್ಲೂಕೋಸ್ ಡ್ರಿಪ್ ಶುರುವಾಗಲಿ ಎಂದು ಹಿಂದಿನ ದಿನವೇ ಬರೆಸಿಕೊಳ್ಳಿ. ಕೇಸ್ ಮುಂದೆ ಹೋದರೆ ವಾರ್ಡ್ ನರ್ಸ್‌ಗೆ ತಕ್ಷಣ ತಿಳಿಸಿ. ಆಪರೇಷನ್ ಮುಗಿದ ಮೇಲೂ, ಮಗು ಸರಿಯಾಗಿ ಉಣ್ಣುವವರೆಗೆ ಡ್ರಿಪ್ ತೆಗೆಯಲು ಬಿಡಬೇಡಿ.