ಸಂಜೆ ಕ್ಲಾಸಿಗೆ ಫೋನ್ ತನ್ನಿ

ಬೆಂಗಳೂರಿನ ಸರ್ಜಾಪುರ ರಸ್ತೆ, ವರ್ತೂರು ಕಡೆಯ ಲೇಬರ್ ಶೆಡ್‌ಗಳಲ್ಲಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹಾಸ್ಟೆಲ್‌ಗಳಲ್ಲಿ ದೊಡ್ಡವರಿಗೆ ಕನ್ನಡ ಕಲಿಸುವುದು ನನ್ನ ಕೆಲಸ. ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂ ಕಡೆಯವರು ಜಾಸ್ತಿ. ರಾಯಚೂರು, ಯಾದಗಿರಿಯಿಂದ ಬಂದವರೂ ಇದ್ದಾರೆ. ಅವರಿಗೆ ಮಾತು ಕಲಿಸಬೇಕಿಲ್ಲ, ಅಕ್ಷರ ಬೇಕು. ಕಲಿಸಲು ಹೊಸದಾಗಿ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ಆ್ಯಪ್ ಬಳಸ್ತೀರಾ ಮೇಡಂ?"

ಕಲಿಯಲು ಬರುವವರ ಫೋನಿನಲ್ಲಿ ಆಗಲೇ ಇರುವುದನ್ನು, ಅಷ್ಟೆ. ದಾನಿಗಳು ಕೊಟ್ಟ ಟ್ಯಾಬ್‌ಗಳು ಚಾರ್ಜ್ ಇಲ್ಲದೆ ಬೀರುವಿನಲ್ಲಿ ಮಲಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಇಡೀ ದಿನ ದುಡಿದು, ಸ್ನಾನ ಮಾಡಿ, ಅನ್ನಕ್ಕೆ ಇಟ್ಟು ಬಂದು ಕೂತವರಿಗೆ ಹೊಸ ಆ್ಯಪ್, ಹೊಸ ಪಾಸ್‌ವರ್ಡ್ ಅಂತ ಹೇಳುತ್ತಾ ಹೋದರೆ ಕನ್ನಡ ಹೇಳಿಕೊಡುವುದು ಯಾವಾಗ? ವಾಟ್ಸ್‌ಆ್ಯಪ್, ಯೂಟ್ಯೂಬ್, ಫೋನ್‌ಪೇ ಸಾಕು. ಭಾಷೆಯ ಪಾಠ, ಫೋನಿನ ಪಾಠ, ಸುಳ್ಳು ಸುದ್ದಿ ಹಿಡಿಯುವ ಪಾಠ ಮೂರನ್ನೂ ನಾನು ಒಂದೇ ಕ್ಲಾಸಿನಲ್ಲಿ ಮಾಡುತ್ತೇನೆ. ಬೇರೆ ಬೇರೆ ಮಾಡಿದರೆ ಮೂರಕ್ಕೂ ಜನ ಬರುವುದಿಲ್ಲ.

ಶುರು ಮಾಡುವುದು ವಾಯ್ಸ್ ಮೆಸೇಜ್‌ನಿಂದ. "ಅಣ್ಣಾ, ಈ ವಾರದ ಬಟವಾಡೆ ಯಾವಾಗ?" "ನಿನ್ನೆ ಓಟಿ ಮಾಡಿದ್ದೀನಿ, ಹಾಜರಿ ಬರ್ಕೊಂಡ್ರಾ?" "ಅಕ್ಕಾ, ಮಗೂಗೆ ಜ್ವರ, ಇಲ್ಲಿ ಸರ್ಕಾರಿ ಆಸ್ಪತ್ರೆ ಎಲ್ಲಿದೆ?" ಇಂಥ ಮಾತನ್ನು ಹೇಳಿ ಗ್ರೂಪಿಗೆ ಹಾಕುತ್ತೇನೆ. ಅವರು ಊಟದ ಹೊತ್ತಿನಲ್ಲಿ ಕೇಳಿಸಿಕೊಂಡು, ತಮ್ಮ ದನಿಯಲ್ಲಿ ಹೇಳಿ ವಾಪಸ್ ಕಳಿಸಬೇಕು. ದೊಡ್ಡವರಿಗೆ ನಾಲ್ಕು ಜನರ ಮುಂದೆ ತಪ್ಪು ಮಾತಾಡಲು ನಾಚಿಕೆ. ಫೋನಿನ ಮುಂದೆ ಆ ನಾಚಿಕೆ ಇಲ್ಲ. ಸರಿಬರಲಿಲ್ಲ ಅಂದರೆ ಅಳಿಸಿ ಮತ್ತೆ ಹೇಳಬಹುದು.

ಅಕ್ಷರ ಆಮೇಲೆ. ಹಿಂದಿಯೋ ಒಡಿಯಾವೋ ಓದಬಲ್ಲವರಿಗೆ ಕ ಖ ಗ ಘ ಅನ್ನುವ ಸಾಲು ಬಾಯಿಪಾಠವೇ ಇರುತ್ತದೆ, ಆಕಾರ ಮಾತ್ರ ಹೊಸದು. ಅಂಥವರನ್ನು ಕೂರಿಸಿಕೊಂಡು ಸುಮ್ನೆ ಅ ಅರಸ, ಆ ಆನೆ ಅಂತ ಹೇಳಿಸಿದರೆ ಎರಡನೇ ದಿನ ಕ್ಲಾಸ್ ಖಾಲಿ. ಬದಲಿಗೆ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಸೈಟಿನಲ್ಲಿ ಅಂಟಿಸಿದ ನೋಟಿಸಿನ ಫೋಟೊ ತೆಗೆದುಕೊಂಡು ಬನ್ನಿ ಅನ್ನುತ್ತೇನೆ. ಅದನ್ನೇ ದೊಡ್ಡದು ಮಾಡಿಕೊಂಡು ಓದುತ್ತೇವೆ.

ಅಂಕೆಗಳದ್ದು ಇನ್ನೊಂದು ಕಥೆ. ಆಧಾರ್ ನಂಬರಿನಲ್ಲಿ 12 ಅಂಕೆ. ಪಿಎಫ್ ಖಾತೆಯ ನಂಬರ್, ಅಂದರೆ ಯುಎಎನ್‌ನಲ್ಲೂ 12 ಅಂಕೆ. ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ಕಾರ್ಡಿನ ನಂಬರೂ 12 ಅಂಕೆ, ಸಾಲದ್ದಕ್ಕೆ ಅದರ ಹೆಸರೂ ಯುಎಎನ್! ಓದು ಬಂದವರಿಗೇ ಗಲಿಬಿಲಿಯಾಗುತ್ತದೆ. ಮೂರೂ ಕಾರ್ಡಿನ ಕವರ್ ಮೇಲೆ ಅವರವರ ಲಿಪಿಯಲ್ಲೇ ಯಾವುದು ಏನು ಅಂತ ಬರೆಸುತ್ತೇನೆ. ಈ ಪಾಠದ ದಿನ ಯಾರಾದರೊಬ್ಬರು ಆಧಾರ್ ಫೋಟೊ ತೆಗೆದು ಗ್ರೂಪಿಗೆ ಹಾಕಿಯೇ ಹಾಕುತ್ತಾರೆ. ತಕ್ಷಣ ಡಿಲೀಟ್ ಮಾಡಿಸಿ, ಯಾಕೆ ಅಂತ ಹೇಳುತ್ತೇನೆ. ಹಳೇ ಸಿಮ್ ಬಿಸಾಡಿ ಹೊಸದು ತೆಗೆದುಕೊಂಡರೆ ಓಟಿಪಿ ಹಳೇ ನಂಬರಿಗೇ ಹೋಗುತ್ತದೆ, ಪಿಎಫ್ ದುಡ್ಡು ಅಲ್ಲೇ ಕೂರುತ್ತದೆ ಅನ್ನುವುದನ್ನೂ ಆಗಲೇ ಹೇಳಬೇಕು.

ಭಾಷಾಂತರದ ಆ್ಯಪ್ ಬಗ್ಗೆ ಎರಡು ಮಾತು. ಗೂಗಲ್ ಟ್ರಾನ್ಸ್‌ಲೇಟ್‌ಗೆ ಒಡಿಯಾ ಬಂದಿದ್ದು 2020ರಲ್ಲಿ, ಅಸ್ಸಾಮಿ, ಭೋಜ್‌ಪುರಿ, ಮೈಥಿಲಿ 2022ರಲ್ಲಿ, ಸಂತಾಲಿ 2024ರಲ್ಲಿ. ನೋಟಿಸ್ ಅರ್ಥ ಮಾಡಿಕೊಳ್ಳಲು ಇದು ತುಂಬಾ ಉಪಕಾರಿ. ಮಾತಾಡಲು ಅಷ್ಟಕ್ಕಷ್ಟೆ. ಮೇಸ್ತ್ರಿ ಹತ್ತಿರ ಪುಸ್ತಕದ ಕನ್ನಡ ಆಡಿದರೆ ಅವನು ನಗುತ್ತಾನೆ, ದುಡ್ಡಿನ ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನು ಸುಳ್ಳು ಸುದ್ದಿ. ವಲಸೆ ಬಂದವರಿಗೆ ಇದರಿಂದ ಎರಡೂ ಕಡೆ ಪೆಟ್ಟು. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ದಾಳಿ ನಡೆಯುತ್ತದೆ ಎಂಬ ಎಸ್ಸೆಮ್ಮೆಸ್ಸುಗಳು ಹರಿದಾಡಿ, ಸಾವಿರಾರು ಜನ ಬೆಂಗಳೂರು ಬಿಟ್ಟು ಹೊರಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಕೆಲವು ದಿನ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ತಡೆ ಹಾಕಿತು. ಅವತ್ತು ವದಂತಿ ಓದಿ ಹೆದರಿದವರು ವಲಸಿಗರು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಆಗಿದ್ದು ತಿರುವುಮುರುವು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಹಾಗಾಗಿ ಈ ಪಾಠ ಶೆಡ್ಡಿನಲ್ಲಿ ಎಷ್ಟು ಬೇಕೋ ನಮ್ಮ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲೂ ಅಷ್ಟೇ ಬೇಕು. ಅಲ್ಲಿಗೆ ಯಾರೂ ನನ್ನನ್ನು ಕರೆಯುವುದಿಲ್ಲ, ಆ ಮಾತು ಬೇರೆ.

"ಸುದ್ದಿಯ ಮೂಲ ನೋಡಿ" ಅಂತ ಹೇಳಿ ಪ್ರಯೋಜನವಿಲ್ಲ. ಅವರ ಮಟ್ಟಿಗೆ ಮೂಲ ಅಂದರೆ ಕಳಿಸಿದ ಭಾವ, ಊರಿನ ಮಾಸ್ತರು. ಅವರನ್ನು ನಂಬಬೇಡ ಅಂದರೆ ನನ್ನನ್ನೇ ನಂಬುವುದಿಲ್ಲ. ಸುಳ್ಳು ಹಿಡಿಯುವ ವೆಬ್‌ಸೈಟುಗಳೂ ಓದು ಬಾರದವರಿಗೆ ದೂರ. ಅದಕ್ಕೇ ಕಣ್ಣಿಗೆ ಕಾಣುವುದರಿಂದ ಶುರು ಮಾಡುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣದ ಗುರುತು ಇರುತ್ತದೆ. ಅದನ್ನು ನೋಡಲು ಅಕ್ಷರ ಬೇಡ. ಜೋಡಿ ಬಾಣ ಕಂಡರೆ ಭಾವ ಬರೆದದ್ದಲ್ಲ, ಯಾರೋ ಬರೆದದ್ದು.

ಆಮೇಲೆ ವಿಡಿಯೊ. ಬಿಹಾರದ ಕೂಲಿಯವರನ್ನು ತಮಿಳುನಾಡಿನಲ್ಲಿ ಹೊಡೆದು ಕೊಲ್ಲುತ್ತಿದ್ದಾರೆ ಎಂಬ ವಿಡಿಯೊಗಳು 2023ರ ಮಾರ್ಚ್‌ನಲ್ಲಿ ಹಬ್ಬಿದ್ದು ನೆನಪಿರಬಹುದು. ಯಾವ್ಯಾವುದೋ ಬೇರೆ ಘಟನೆಗಳ ವಿಡಿಯೊ ಅವು, ಸುದ್ದಿ ಸುಳ್ಳು ಅಂತ ಅಲ್ಲಿನ ಪೊಲೀಸರು ಹೇಳಬೇಕಾಯಿತು. ಇಂಥ ವಿಡಿಯೊ ಬಂದಾಗ ಕ್ಲಾಸಿನಲ್ಲಿ ದನಿ ತೆಗೆದು ಹಾಕುತ್ತೇನೆ, ನಡುನಡುವೆ ನಿಲ್ಲಿಸುತ್ತೇನೆ. ಗಾಡಿಯ ನಂಬರ್ ಪ್ಲೇಟಿನಲ್ಲಿ ಏನಿದೆ, ಕರ್ನಾಟಕದ ಕೆಎಯೋ, ಬಿಹಾರದ ಬಿಆರೋ, ಒಡಿಶಾದ ಓಡಿಯೋ? ಹಿಂದಿನ ಅಂಗಡಿಯ ಬೋರ್ಡು ಯಾವ ಲಿಪಿ? ಕನ್ನಡವೂ ತೆಲುಗೂ ಒಂದೇ ಥರ ಕಾಣುತ್ತವೆ, ಅಲ್ವಾ? ತಲಕಟ್ಟು ನೋಡಿ ಎರಡನ್ನೂ ಬೇರೆ ಮಾಡಲು ಕಲಿತ ದಿನ ಅವರಿಗಾಗುವ ಖುಷಿಯೇ ಬೇರೆ. ಅಕ್ಷರ ಕಲಿತದ್ದಕ್ಕೆ ತಕ್ಷಣ ಒಂದು ಉಪಯೋಗ ಸಿಕ್ಕಿತಲ್ಲ!

ಒಮ್ಮೆ "ಬೆಂಗಳೂರಿನ ಸೈಟಿನಲ್ಲಿ ಗಲಾಟೆ" ಅಂತ ಒಂದು ವಿಡಿಯೊ ಬಂತು. ಬೋರ್ಡೂ ಇಲ್ಲ, ಗಾಡಿಯೂ ಇಲ್ಲ. ನನಗೆ ಏನೂ ತೋಚಲಿಲ್ಲ. ಒಡಿಶಾದ ಗಂಜಾಂ ಕಡೆಯ ಒಬ್ಬ ಗಾರೆ ಕೆಲಸದವರು ಸ್ಕ್ರೀನಿಗೆ ಬೆರಳಿಟ್ಟು, "ಮೇಡಂ, ಇದು ಬಿದಿರು. ಇಲ್ಲಿ ಸಾರವೆಗೆ ಸರ್ವೆ ಕಂಬ ಕಟ್ತಾರೆ, ಇಲ್ಲಾಂದ್ರೆ ಪೈಪು. ಇದು ನಮ್ಮ ಕಡೇದು" ಅಂದರು. ಅದೊಂದರಿಂದಲೇ ಸುಳ್ಳು ಅಂತ ಹೇಳಲಾಗದು, ಆದರೆ ಅನುಮಾನ ಹುಟ್ಟಲು ಅಷ್ಟು ಸಾಕು.

ಅನುಮಾನ ಬಂದ ಮೇಲೆ ಫೋನ್ ಮಾಡಿಸುತ್ತೇನೆ. ತಿರುಪ್ಪೂರಿನ ಸುದ್ದಿಯಾ? ನಿಮ್ಮೂರಿನವರು ಅಲ್ಲಿ ಯಾರಿದ್ದಾರೆ? ಯಾರಾದರೊಬ್ಬರು ಇದ್ದೇ ಇರುತ್ತಾರೆ. ಸೂರತ್, ಹೈದರಾಬಾದ್, ಚೆನ್ನೈ ಎಲ್ಲಾ ಕಡೆ ಇವರ ತಮ್ಮಂದಿರು, ಭಾವಂದಿರು ದುಡಿಯುತ್ತಿದ್ದಾರೆ. ಟಿವಿಯವರಿಗೂ ಇಷ್ಟು ದೊಡ್ಡ ವರದಿಗಾರರ ಪಡೆ ಇಲ್ಲ.

ಹಣದ ಮೋಸಕ್ಕೆ ನಾನು ಒಂದೇ ಸೂತ್ರ ಹೇಳಿಸುವುದು: "ದುಡ್ಡು ಬರೋಕೆ ಪಿನ್ ಬೇಡ." ಯುಪಿಐ ಪಿನ್ ಹಾಕಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪ್ ಒಳಗೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಮುಟ್ಟಬೇಡಿ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ನಂಬರನ್ನು ಎಲ್ಲರ ಫೋನಿನಲ್ಲೂ ಕ್ಲಾಸಿನಲ್ಲೇ ಸೇವ್ ಮಾಡಿಸುತ್ತೇನೆ, ಪೊಲೀಸ್ ಟೋಪಿಯ ಇಮೋಜಿ ಹಾಕಿ, ಓದು ಬಾರದವರಿಗೂ ಸಿಗಲಿ ಅಂತ.

15 ವರ್ಷ ದಾಟಿದವರಿಗಾಗಿ ಇರುವ ಕೇಂದ್ರದ 'ಉಲ್ಲಾಸ್' ಯೋಜನೆಯಲ್ಲೂ ಅಕ್ಷರ, ಲೆಕ್ಕದ ಜೊತೆ ಡಿಜಿಟಲ್ ಮತ್ತು ಹಣಕಾಸಿನ ತಿಳಿವಳಿಕೆ ಸೇರಿದೆ. ಒಳ್ಳೆಯದೇ. ಆದರೆ ಶೆಡ್‌ಗಳಲ್ಲಿ ಒಂದು ಮನೆಗೆ ಎಷ್ಟೋ ಸಲ ಒಂದೇ ಸ್ಮಾರ್ಟ್‌ಫೋನ್, ಅದು ಗಂಡನ ಜೇಬಿನಲ್ಲಿ. ಹೆಂಗಸರ ಪಾಠ ಅವನ ನಂಬರಿಗೆ ಹೋಗುತ್ತದೆ, ಅವನು ಕೇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಹೆಂಗಸರ ಕ್ಲಾಸನ್ನು ಭಾನುವಾರ ಮಧ್ಯಾಹ್ನ ಇಟ್ಟುಕೊಂಡಿದ್ದೇನೆ. ಅವತ್ತು ಗಂಡಸರು ಮನೆಯಲ್ಲಿರುತ್ತಾರೆ, ಫೋನೂ ಇರುತ್ತದೆ. "ಎರಡು ಗಂಟೆ ಫೋನ್ ಅಕ್ಕನ ಕೈಗೆ ಕೊಡಿ ಅಣ್ಣಾ" ಅಂತ ಬಾಗಿಲಲ್ಲಿ ನಿಂತು ಕೇಳುತ್ತೇನೆ. ಕೊಡುತ್ತಾರೆ. ಅದೇ ಮಾತನ್ನು ಹೆಂಡತಿ ಕೇಳಿದರೆ ಯಾಕೆ, ಏನು ಅನ್ನುವ ವಿಚಾರಣೆ. ಇದಕ್ಕೆ ನನ್ನ ಹತ್ತಿರ ಆ್ಯಪ್ ಇಲ್ಲ. ಸದ್ಯಕ್ಕೆ ಬಾಗಿಲಲ್ಲಿ ನಿಂತು ಕೇಳುವುದೇ ದಾರಿ.